ಅಮಾವಾಸ್ಯೆಯ ಸೊನ್ನೆ

ಹೊಗೆ ಅಳೆಯುವುದು ನನ್ನ ಕೆಲಸ ಎಂದರೆ ಜನ ಮೊದಲು ನನ್ನ ಕೈ ನೋಡುತ್ತಾರೆ, ಮಸಿ ಎಲ್ಲಿ ಅಂತ. ಮಸಿ ಇರುವುದಿಲ್ಲ. ನಾನು ಅಳೆಯುವ ಹೊಗೆ ಕಣ್ಣಿಗೇ ಕಾಣುವುದಿಲ್ಲ ಎಂದರಂತೂ ಅವರ ಮುಖದಲ್ಲಿ ಒಂದು ಸಣ್ಣ ನಗು ಬರುತ್ತದೆ. ನಮ್ಮ ಸೋದರತ್ತೆ ಒಮ್ಮೆ ವಿದ್ಯಾಗಿರಿಯ ನಮ್ಮ ಮನೆಗೆ ಬಂದವಳು, ಒಗ್ಗರಣೆ ಅವಲಕ್ಕಿ ತಿನ್ನುತ್ತ, "ಕಾಣದ್ದನ್ನ ಅಳಿಯಾಕ ಪಗಾರ ಕೊಡ್ತಾರೇನವಾ?" ಎಂದು ಕೇಳಿದಳು. "ಕೊಡ್ತಾರ ಅತ್ತಿ, ತಿಂಗಳಾ ತಿಂಗಳಾ ಕೊಡ್ತಾರ" ಎಂದೆ. "ಹಂಗಾರ ನಮ್ಮ ಮನಿಯವರ ಬುದ್ಧಿನೂ ಒಂದೀಟು ಅಳದು ಹೇಳು" ಎಂದಳು. ಅವಳ ಮನೆಯವರು ಅಲ್ಲೇ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದರು.

ನಾನು ಕೆಲಸ ಮಾಡುವ ಸಣ್ಣ ವಿದ್ಯುತ್ ಘಟಕ ಇರುವುದು ಹುನಗುಂದ ದಾಟಿ ಇಳಕಲ್ಲಿನ ಹಾದಿಯಲ್ಲಿ, ರಸ್ತೆಯಿಂದ ತುಸು ಒಳಗೆ. ಅಲ್ಲಿ ಗ್ಯಾಸ್ ಉರಿಸಿ, ಟರ್ಬೈನ್ ತಿರುಗಿಸಿ, ಕರೆಂಟು ಮಾಡುತ್ತಾರೆ. ಆ ಕರೆಂಟು ಹೆಚ್ಚಾಗಿ ಹೋಗುವುದು ಸುತ್ತಲಿನ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕಾರ್ಖಾನೆಗಳಿಗೆ. ಟರ್ಬೈನ್ ಎಂದರೆ ವಿಮಾನದ ಇಂಜಿನ್ನಿನ ತಮ್ಮ; ಹಾರುವುದಿಲ್ಲ, ಕೂತಲ್ಲೇ ಒದರುತ್ತದೆ. ಅದರ ಹೊಟ್ಟೆಯೊಳಗೆ ಎಂಥ ಕಾವೆಂದರೆ, ಗಾಳಿಯಲ್ಲಿ ತನ್ನ ಪಾಡಿಗೆ ತಾನಿರುವ ನೈಟ್ರೋಜನ್ ಕೂಡ ತಲೆ ಕೆಟ್ಟು ಆಕ್ಸಿಜನ್ ಜೊತೆ ಕೂಡಿಕೊಂಡುಬಿಡುತ್ತದೆ. ಹಾಗೆ ಹುಟ್ಟಿದ ನೈಟ್ರೋಜನ್ ಆಕ್ಸೈಡುಗಳಿಗೆ ನಾವು ಕೆಲಸದವರು ಚುಟುಕಾಗಿ ನಾಕ್ಸ್ ಎನ್ನುತ್ತೇವೆ. ಕಣ್ಣಿಗೆ ಕಾಣದಿದ್ದರೂ ಎದೆಗೆ ಗೊತ್ತಾಗುತ್ತದೆ. ಹೆಚ್ಚಾದರೆ ಉಬ್ಬಸ ಇದ್ದವರಿಗೆ ಉಸಿರು ಹಿಡಿಯುತ್ತದೆ, ಮಕ್ಕಳ ಕೆಮ್ಮು ಬಿಡುವುದಿಲ್ಲ.

ಅದಕ್ಕೇ ಸರಕಾರ ಒಂದು ಮಿತಿ ಹಾಕಿದೆ. ನಮ್ಮ ಕಂಟ್ರೋಲ್ ರೂಮಿನ ಪರದೆಯ ಮೇಲೆ ಆ ಮಿತಿ ಒಂದು ಕೆಂಪು ಗೆರೆ. ನಮ್ಮ ಚಿಮಣಿಯ ನಾಕ್ಸ್ ಒಂದು ಹಸಿರು ಗೆರೆ. ಹಸಿರು ಯಾವಾಗಲೂ ಕೆಂಪಿನ ಕೆಳಗೆ ಇರಬೇಕು. ಅದು ಎಲ್ಲಿದೆ ಎನ್ನುವುದು ಆಗಾಗ ತಾನಾಗಿಯೇ ಸರಕಾರದ ಕಂಪ್ಯೂಟರಿಗೂ ಹೋಗುತ್ತಿರುತ್ತದೆ. ಹಸಿರು ಮೇಲೇರಿದರೆ ಇಳಿಸುವ ಉಪಾಯ ಸರಳ: ಉರಿಯೊಳಗೆ ನೀರು ಸಿಂಪಡಿಸುವುದು. ಉರಿಯ ಸೊಕ್ಕು ಸ್ವಲ್ಪ ಇಳಿಯುತ್ತದೆ, ನಾಕ್ಸ್ ಕಡಿಮೆಯಾಗುತ್ತದೆ. ಆದರೆ ಆ ನೀರು ಮನುಷ್ಯರು ಕುಡಿಯುವ ನೀರಿಗಿಂತ ಶುದ್ಧವಾಗಿರಬೇಕು. ನಮ್ಮ ಕಡೆ ಮನುಷ್ಯರಿಗೆ ಶುದ್ಧ ನೀರು ಸಿಗುವುದೇ ಕಷ್ಟವಾದ್ದರಿಂದ, ಟರ್ಬೈನಿಗೆ ಕುಡಿಸುವಾಗ ಸಾಹೇಬರ ಜೀವ ಚುರ್ ಎನ್ನುತ್ತಿತ್ತು.

ಸಾಹೇಬರು ಎಂದರೆ ಘಟಕದ ಮ್ಯಾನೇಜರು. ಮೈಸೂರು ಕಡೆಯವರು, ಬೈಯುವಾಗಲೂ "ದಯವಿಟ್ಟು" ಎನ್ನುತ್ತಿದ್ದರು. ನಾನು ಚಿಮಣಿಯ ಬುಡದಲ್ಲಿ ಒಂದು ತಂಪು ಕೋಣೆಯಲ್ಲಿರುವ ಅನಲೈಸರ್ ಎಂಬ ಯಂತ್ರವನ್ನು ನೋಡಿಕೊಳ್ಳುವವಳು. ಚಿಮಣಿಯ ಗಾಳಿ ಎಳೆದುಕೊಂಡು, ಅದರಲ್ಲಿ ನಾಕ್ಸ್ ಎಷ್ಟಿದೆ ಎಂದು ಹೇಳುವುದೇ ಈ ಯಂತ್ರ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ, ಅದನ್ನು ಮರೆಯಲು ಯಾರಿಗೂ ಬಿಡುತ್ತಿರಲಿಲ್ಲ. ಘಟಕದಲ್ಲಿ ನನಗೆ ಖಡಕ್ ಬಾಯಿಯವಳು ಎಂದು ಹೆಸರು. ಅದು ಬೈಗುಳವೋ ಹೊಗಳಿಕೆಯೋ ಕೇಳಲು ಹೋಗಿರಲಿಲ್ಲ, ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೆ.

ಇನ್ನೊಬ್ಬರು ಕಾಕಾ. ಕಂಟ್ರೋಲ್ ರೂಮಿನಲ್ಲಿ ಕೂತು ಟರ್ಬೈನ್ ನಡೆಸುವವರು, ನೀರು ಎಷ್ಟು ಬಿಡಬೇಕು ಎಂದು ಪರದೆ ನೋಡಿ ಬಿಡುವವರು. ಹತ್ತಿರದ ಹಳ್ಳಿಯವರು, ಬೀರಪ್ಪ ದೇವರ ಒಕ್ಕಲು. ಮನೆಯಲ್ಲಿ ಕುರಿ, ಹಣೆಯ ಮೇಲೆ ಯಾವಾಗಲೂ ಭಂಡಾರದ ಅರಿಶಿನ. ಐ.ಟಿ.ಐ. ಓದಿ ಬಂದವರು, ಆದರೆ ಟರ್ಬೈನನ್ನು ಕಲಿತದ್ದು ಕಿವಿಯಿಂದ. ಕುರಿಹಿಂಡಿನಲ್ಲಿ ಯಾವ ಕುರಿಗೆ ಸುಖ ಇಲ್ಲ ಎಂದು ಅದರ ಕೆಮ್ಮಿನಿಂದಲೇ ಹೇಳುವ ಹಾಗೆ, "ಇವತ್ತ ಇದಕ್ಕ ಏನೋ ಆಗೈತ್ರಿ" ಎನ್ನುತ್ತಿದ್ದರು. ಮರುದಿನವೋ ಮೂರನೆಯ ದಿನವೋ ಏನೋ ಆಗಿರುವುದು ಪರದೆಗೂ ತಿಳಿಯುತ್ತಿತ್ತು. ನನ್ನನ್ನು ಸಾಲೆಯ ಟೀಚರಮ್ಮನನ್ನು ಕರೆಯುವ ಹಾಗೆ "ಅಕ್ಕೋರ" ಎಂದು ಕರೆಯುತ್ತಿದ್ದರು. ನನ್ನ ವಯಸ್ಸಿನ ಮಗಳು ಅವರಿಗಿದ್ದಳು.

ಈಗ ಅಮಾವಾಸ್ಯೆಯ ವಿಷಯ. ನಮ್ಮ ಕಡೆ ಕಲ್ಲಿನ ಕಾರ್ಖಾನೆಗಳಿಗೆ ಅಮಾವಾಸ್ಯೆಯೇ ರಜೆ. ಆ ದಿನ ಸಂಜೆಯವರೆಗೆ ಯಾರೂ ಕಲ್ಲು ಕೊಯ್ಯುವುದಿಲ್ಲ, ಕರೆಂಟು ಕೇಳುವವರಿಲ್ಲ, ಟರ್ಬೈನ್ ಬೆಳಿಗ್ಗೆ ಹತ್ತರ ಹೊತ್ತಿಗೆ ದನಿ ಇಳಿಸಿ ಮೆಲ್ಲಗೆ ತಿರುಗುತ್ತದೆ. ಹೀಗಾಗಿ ರಿಪೇರಿ, ಎಣ್ಣೆ, ಸ್ವಚ್ಛತೆ ಎಲ್ಲವನ್ನೂ ಆ ದಿನಕ್ಕೇ ಇಟ್ಟುಕೊಳ್ಳುವುದು ರೂಢಿ. ಬೇರೆ ಊರುಗಳ ಘಟಕಗಳಲ್ಲಿ ತಿಂಗಳ ಮೊದಲ ದಿನವೋ ಎರಡನೇ ಶನಿವಾರವೋ ಮಾಡುವ ಕೆಲಸವನ್ನು ನಾವು ಪಂಚಾಂಗ ನೋಡಿ ಮಾಡುತ್ತಿದ್ದೆವು. ನನ್ನ ಅನಲೈಸರಿಗೆ ಸೊನ್ನೆ ಹಾಕುವುದೂ ಅಮಾವಾಸ್ಯೆಯ ದಿನವೇ.

ಸೊನ್ನೆ ಹಾಕುವುದು ಎಂದರೆ, ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ತೂಗುವ ಮೊದಲು ಖಾಲಿ ತಟ್ಟೆ ಇಟ್ಟು ಗುಂಡಿ ಒತ್ತುತ್ತಾಳಲ್ಲ, ಅದೇ. ಇದು ಖಾಲಿ, ಇಲ್ಲಿಂದ ಎಣಿಸು ಎಂದು ಯಂತ್ರಕ್ಕೆ ಹೇಳುವುದು. ಗುಂಡಿ ಒತ್ತುವಾಗ ತಟ್ಟೆಯಲ್ಲಿ ಒಂದು ಬದನೆಕಾಯಿ ಇತ್ತು ಅಂದುಕೊಳ್ಳಿ, ಆಮೇಲೆ ಏನೇ ತೂಗಿದರೂ ಒಂದು ಬದನೆಕಾಯಿಯಷ್ಟು ಕಡಿಮೆ ತೋರಿಸುತ್ತದೆ. ನನ್ನ ಯಂತ್ರಕ್ಕೆ ಖಾಲಿ ತಟ್ಟೆ ಎಂದರೆ ನಾಕ್ಸ್ ಇಲ್ಲದ ಗಾಳಿ. ಶುದ್ಧ ನೈಟ್ರೋಜನ್ ತುಂಬಿದ ಸಿಲಿಂಡರ್ ಇದ್ದರೆ ಚಲೋ. ಆದರೆ ಹುಬ್ಬಳ್ಳಿಯಿಂದ ಬರಬೇಕಾದ ಸಿಲಿಂಡರ್ ಎಂದೂ ಹೇಳಿದ ದಿನ ಬರುತ್ತಿರಲಿಲ್ಲ. ಹೊರಗಿನ ಸ್ವಚ್ಛ ಗಾಳಿಯನ್ನು ಸೋಸಿ ಕೊಟ್ಟರೂ ನಡೆಯುತ್ತದೆ ಎಂದು ಯಂತ್ರದ ಪುಸ್ತಕದಲ್ಲಿ ಬರೆದಿತ್ತು. ಗೋಡೆಯಿಂದ ಒಂದು ಸಣ್ಣ ಕೊಳವೆ ಹೊರಗೆ ಹೋಗಿತ್ತು. ಅದರ ಬಾಯಿಂದ ಗಾಳಿ ಎಳೆದುಕೊಂಡು, ಐದಾರು ನಿಮಿಷ ಕುಡಿಸಿ, ಗುಂಡಿ ಒತ್ತುತ್ತಿದ್ದೆ.

ಮೊದಲು ಆ ಕೊಳವೆಯ ಬಾಯಿ ಮೂಡಣ ಗೋಡೆಯಲ್ಲಿತ್ತು. ಆ ಕಡೆ ಕಲ್ಲಿನ ಕಾರ್ಖಾನೆಗಳು. ಬಿಳಿ ಧೂಳು ಎರಡು ದಿನಕ್ಕೊಮ್ಮೆ ಜಾಲರಿ ಕಟ್ಟಿಬಿಡುತ್ತಿತ್ತು, ನಾನು ಬೈದುಕೊಂಡು ತೊಳೆಯುತ್ತಿದ್ದೆ. ಒಂದು ಬೇಸಿಗೆಯಲ್ಲಿ ಸಾಕಾಗಿ, ಡ್ರಿಲ್ ತರಿಸಿ, ನಿಂತು ಕೆಲಸ ಮಾಡಿಸಿ, ಬಾಯಿಯನ್ನು ಪಡುವಣ ಗೋಡೆಗೆ ಬದಲಾಯಿಸಿದೆ. ಅಲ್ಲಿ ಒಂದು ದೊಡ್ಡ ಬೇವಿನ ಗಿಡ, ತಣ್ಣನೆ ನೆರಳು, ಧೂಳಿಲ್ಲ. ರಿಜಿಸ್ಟರಿನಲ್ಲಿ ಚೆಂದಾಗಿ ಬರೆದು ಸಹಿ ಹಾಕಿದೆ. ಆ ಸಹಿಯ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ನೆರಳಿದ್ದಲ್ಲಿ ಗಾಡಿ ನಿಲ್ಲುತ್ತವೆ, ಗಾಡಿ ನಿಂತಲ್ಲಿ ಅಮಾವಾಸ್ಯೆ ಪೂಜೆ ನಡೆಯುತ್ತದೆ. ಇದನ್ನು ನಮ್ಮ ಜಿಲ್ಲೆಯ ಸಣ್ಣ ಕೂಸೂ ಹೇಳುತ್ತದೆ. ಪ್ರತಿ ಅಮಾವಾಸ್ಯೆಗೂ ಘಟಕದ ಎರಡು ಲಾರಿ, ನೀರಿನ ಟ್ಯಾಂಕರ್, ಜೀಪು, ಟ್ರ್ಯಾಕ್ಟರ್ ಎಲ್ಲ ತೊಳೆಸಿಕೊಂಡು ಬೇವಿನ ಗಿಡದ ಕೆಳಗೆ ಗೋಡೆಗೆ ಬೆನ್ನು ಮಾಡಿ ಸಾಲಾಗಿ ನಿಲ್ಲುತ್ತಿದ್ದವು. ಪೂಜೆಯ ಯಜಮಾನಿಕೆ ಕಾಕಾರದು. ಗಂಟೆಯ ಸದ್ದು ಕೇಳಬೇಕಲ್ಲ, ಅದಕ್ಕೆ ಅವರು ಟರ್ಬೈನ್ ದನಿ ಇಳಿಸುವುದನ್ನೇ ಕಾಯುತ್ತಿದ್ದರು. ನಾನೂ ಸೊನ್ನೆ ಹಾಕಲು ಅದನ್ನೇ ಕಾಯುತ್ತಿದ್ದೆ. ಹೊರಗೆ ಅವರು ಇಂಜಿನ್ ಚಾಲೂ ಮಾಡಿಸಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಒಳಗೆ ನಾನು ಬಾಗಿಲು ಹಾಕಿಕೊಂಡು ಯಂತ್ರಕ್ಕೆ ಸ್ವಚ್ಛ ಗಾಳಿ ಕುಡಿಸುತ್ತಿದ್ದೆ. ಆಮೇಲೆ ಕಾಕಾ ಬಾಗಿಲು ತಟ್ಟಿ, ಕೊಬ್ಬರಿ ಚೂರು, ಸಕ್ಕರೆ, ಬಾಳೆಹಣ್ಣು ಕೊಟ್ಟು ಹೋಗುತ್ತಿದ್ದರು. ತಿನ್ನುತ್ತ ರಿಜಿಸ್ಟರ್ ಬರೆಯುತ್ತಿದ್ದೆ.

ಓದುವವರಿಗೆ ಈಗಾಗಲೇ ಎಲ್ಲ ಹೊಳೆದಿದೆ. ನನಗೆ ಹೊಳೆಯಲು ಎಂಟು ಅಮಾವಾಸ್ಯೆ ಬೇಕಾದವು.

ಕೊಳವೆ ಬದಲಾಯಿಸಿದ ಮೇಲೆ ಹಸಿರು ಗೆರೆ ಕೆಳಗಿಳಿಯಿತು. ಸಾಹೇಬರಿಗೆ ಖುಷಿ. "ನಿಮ್ಮ ನಿರ್ವಹಣೆ ತುಂಬಾ ಚೆನ್ನಾಗಿದೆ" ಎಂದು ನನಗೆ ಹೇಳಿದರು. ಕಾಕಾರಿಗೆ, "ಕೆಂಪು ಗೆರೆಗೆ ಇನ್ನೂ ಬಹಳ ಜಾಗ ಇದೆಯಲ್ಲ, ನೀರು ಸ್ವಲ್ಪ ಕಡಿಮೆ ಮಾಡಿ" ಎಂದರು. ಬಾಯಿಮಾತಿನಲ್ಲಿ ಹೇಳಿದರು, ಬರೆದು ಕೊಡಲಿಲ್ಲ. ಕಾಕಾ ಪರದೆ ನೋಡುತ್ತ, ಹಸಿರು ಗೆರೆ ಕೆಂಪನ್ನು ಮುಟ್ಟದ ಹಾಗೆ, ನೀರು ಇಳಿಸಿದರು.

ಕಾಕಾ ಒಂದು ವಿಷಯ ಗಮನಿಸಿದ್ದರು. ದೀಪಾವಳಿ ಕಳೆದ ವಾರ ಕ್ಯಾಂಟೀನಿನಲ್ಲಿ ಎಲ್ಲರೂ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದಾಗ ಹೇಳಿದರು.

"ಅಕ್ಕೋರ, ಅಮಾಸಿ ಪೂಜಿ ಆದ ಮ್ಯಾಲ ನಾಕ್ಸ್ ಇಳೀತೈತ್ರಿ. ಸಣ್ಣ ಅಮಾಸಿಗೆ ಸ್ವಲ್ಪ, ದೊಡ್ಡ ಅಮಾಸಿಗೆ ಭಾಳ. ನಾಗರ ಅಮಾಸಿ ನೋಡ್ರಿ, ದೀಪಾವಳಿ ಅಮಾಸಿ ನೋಡ್ರಿ. ಖರೇನ ಹೇಳ್ತೇನಿ, ನಾ ನೋಡೇನಿ."

ನಾನು ನಕ್ಕೆ. ಬಾಯಲ್ಲಿದ್ದ ಚಹಾ ಹೊರಗೆ ಬರುವಷ್ಟು ನಕ್ಕೆ.

"ಕಾಕಾ, ನಿಮ್ಮ ಬೀರಪ್ಪ ಕೆಮಿಸ್ಟ್ರಿ ಯಾವಾಗ ಓದಿದ್ನ್ರಿ?" ಎಂದೆ. "ಹಂಗಾರ ನೀರ್ಯಾಕ ಬಿಡ್ತೀರಿ, ಭಂಡಾರಾನ ಸಿಂಪಡಿಸಿಬಿಡ್ರಿ."

ಇಡೀ ಕ್ಯಾಂಟೀನ್ ನಕ್ಕಿತು. ಕಾಕಾ ಕೂಡ ನಕ್ಕರು, ಚಹಾ ಮುಗಿಸಿ ಎದ್ದು ಹೋದರು. ನನಗೆ ಆ ದಿನವೆಲ್ಲ ನನ್ನ ಮಾತಿನ ಬಗ್ಗೆ ನನಗೇ ಖುಷಿ ಇತ್ತು.

ಹದಿನೈದು ದಿನವಾಗಿರಬೇಕು, ವರ್ಷಕ್ಕೊಮ್ಮೆ ಬರುವ ಹೊರಗಿನ ಪರೀಕ್ಷೆಯವರು ಬಂದರು. ಇಬ್ಬರು ಹುಡುಗರು, ತಮ್ಮದೇ ಯಂತ್ರ, ತಮ್ಮದೇ ಸಿಲಿಂಡರ್. ಅವರು ಚಿಮಣಿಯ ಮೇಲೆ ಹತ್ತಿ ಅಳೆಯುತ್ತಾರೆ, ನಮ್ಮ ಪರದೆ ಹೇಳುವುದು ನಿಜವೇ ಎಂದು ತಾಳೆ ನೋಡುತ್ತಾರೆ. ಬೆಳಿಗ್ಗೆ ಇಬ್ಬರೂ ಭಾರಿ ಉಮೇದಿನಲ್ಲಿದ್ದರು. ಬೇಗ ಮುಗಿಸಿ ಬಾದಾಮಿಗೆ ಹೋಗಿ ಗುಹೆ ನೋಡಬೇಕು, ಅಲ್ಲೇ ರೊಟ್ಟಿ ಊಟ ಮಾಡಬೇಕು ಎಂದು. ನಾನು ಅವರಿಗಾಗಿ ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸು ನಿಂತಾಗ ಒಂದು ಡಬ್ಬಿ ಕರದಂಟು ತಂದಿದ್ದೆ. ಮಧ್ಯಾಹ್ನ ಅವರು ಇಳಿದು ಬಂದಾಗ ಮುಖ ಬೇರೆಯೇ ಆಗಿತ್ತು. ನಮ್ಮ ಪರದೆಯಲ್ಲಿ ಹಸಿರು ಗೆರೆ ಕೆಂಪಿನ ಕೆಳಗೆ ಹಾಯಾಗಿ ಮಲಗಿತ್ತು. ಅವರ ಯಂತ್ರದಲ್ಲಿ ನಾಕ್ಸ್ ಮಿತಿಯನ್ನು ದಾಟಿತ್ತು. ಮತ್ತೆ ಹತ್ತಿದರು, ಮತ್ತೆ ಅದೇ. ಮೂರನೆಯ ಸಲವೂ ಅದೇ. ಬಾದಾಮಿಯ ಮಾತು ಯಾರೂ ಎತ್ತಲಿಲ್ಲ.

ಸಾಹೇಬರ ಲೆಕ್ಕಾಚಾರ ಬೇಗ ಮುಗಿಯಿತು. ಪರದೆಯ ಅಂಕಿ ತಿದ್ದಲು ಪಾಸ್‌ವರ್ಡ್ ಬೇಕು. ಅದು ಇರುವುದು ನನಗೆ ಮತ್ತು ಕಾಕಾರಿಗೆ. ನೀರು ಕಡಿಮೆ ಮಾಡಿದವರು ಕಾಕಾ. ಕಡಿಮೆ ಮಾಡಿ, ಅದು ತಿಳಿಯದಿರಲಿ ಎಂದು ಅಂಕಿಯನ್ನೂ ಇಳಿಸಿದ್ದಾರೆ. ನನ್ನ ಮೇಲೆ ಅನುಮಾನ ಬರಲಿಲ್ಲ. ಖಡಕ್ ಎಂಬ ಹೆಸರು ಆ ದಿನ ಕೆಲಸಕ್ಕೆ ಬಂತು. ಸಂಜೆಯೊಳಗೆ ಕಾಕಾರ ಕೈಗೆ ನೋಟಿಸು: ಏಳು ದಿನದಲ್ಲಿ ಉತ್ತರ ಕೊಡಬೇಕು, ಇಲ್ಲವಾದರೆ ಕೆಲಸದಿಂದ ತೆಗೆಯಲಾಗುವುದು. ಸಾಹೇಬರು ತಾವು ಬಾಯಿಂದ ಹೇಳಿದ ಮಾತನ್ನು ನೆನೆಸಿಕೊಳ್ಳಲಿಲ್ಲ. ಕಾಕಾ ನೆನಪಿಸಲೂ ಇಲ್ಲ.

ಖಾಯಂ ನೌಕರಿಯಲ್ಲ ಅವರದು, ಗುತ್ತಿಗೆಯದು. ಅಂಕಿ ತಿದ್ದಿದವ ಎಂದು ಒಮ್ಮೆ ಹೆಸರು ಬಂದರೆ, ಯಾವ ಘಟಕದವರೂ ಅವರನ್ನು ಟರ್ಬೈನಿನ ಹತ್ತಿರ ಬಿಡುವುದಿಲ್ಲ. ಕಿವಿಯಿಂದ ಕಲಿತ ಆ ವಿದ್ಯೆಗೆ ಬೇರೆ ಎಲ್ಲೂ ಬೆಲೆಯಿಲ್ಲ. ಅವರ ಹಳ್ಳಿ ಚಿಮಣಿಯಿಂದ ಕಾಣುವಷ್ಟು ಹತ್ತಿರ. ನಮ್ಮೂರಿನ ಗಾಳಿಗೆ ಇವನೇ ವಿಷ ಬಿಟ್ಟ ಎಂದು ಜನ ಅನ್ನುವುದಕ್ಕೂ ತಡವಾಗುವುದಿಲ್ಲ.

ಹೇಳಿಬಿಡುತ್ತೇನೆ, ಒಂದು ಸಂಜೆ ನಾನೂ ನಂಬಿದೆ. ಬಸ್ಸಿನಲ್ಲಿ ಕೂತು, ಎಷ್ಟು ಚಲೋ ಮನುಷ್ಯ, ಸಾಹೇಬರ ಮಾತು ಕೇಳಿ ಹೀಗೆ ಮಾಡಿಕೊಂಡರಲ್ಲ ಎಂದು ಮರುಗಿದೆ. ಮರುಗುವುದು ಬಹಳ ಸುಲಭದ ಕೆಲಸ, ಕಿಟಕಿ ಪಕ್ಕದ ಸೀಟು ಸಿಕ್ಕರೆ ಇನ್ನೂ ಸುಲಭ.

ಮರುದಿನ ಪರೀಕ್ಷೆಯವರ ನೈಟ್ರೋಜನ್ ಸಿಲಿಂಡರ್ ನಮ್ಮ ಕೋಣೆಯಲ್ಲೇ ಇತ್ತು. ಅವರ ಗಾಡಿ ಬರುವವರೆಗೆ ಇಟ್ಟು ಹೋಗಿದ್ದರು. ನನ್ನ ಯಂತ್ರ ಸರಿಯಾಗಿದೆ ಎಂದು ಸಾಧಿಸಬೇಕೆಂಬ ಹಟಕ್ಕೆ ಅದನ್ನು ಜೋಡಿಸಿದೆ. ಶುದ್ಧ ನೈಟ್ರೋಜನ್, ನಾಕ್ಸ್ ಎಂಬುದೇ ಇಲ್ಲ, ಸೊನ್ನೆ ತೋರಿಸಬೇಕು. ಯಂತ್ರ ಸೊನ್ನೆಗಿಂತ ಕೆಳಗೆ ಹೋಗಿ, ಮೈನಸ್ ಅಂಕಿ ತೋರಿಸಿ ನಿಂತಿತು. ಏನೂ ಇಲ್ಲದ ಗಾಳಿಯಲ್ಲಿ ಏನೂ ಇಲ್ಲದ್ದಕ್ಕಿಂತ ಕಡಿಮೆ ಇದೆ ಎಂದು ನನ್ನ ಯಂತ್ರ ನನಗೇ ಹೇಳುತ್ತಿತ್ತು. ತಟ್ಟೆಯಲ್ಲಿ ಬದನೆಕಾಯಿ ಇತ್ತು.

ಪಾಸ್‌ವರ್ಡ್ ಹಾಕಿ ತಿದ್ದಿದರೆ ಬದಲಾಗುವುದು ಪರದೆಯ ಅಂಕಿ, ಯಂತ್ರದ್ದಲ್ಲ. ಇದು ಸೊನ್ನೆ ಹಾಕುವಾಗಲೇ ಆದ ತಪ್ಪು. ರಿಜಿಸ್ಟರ್ ತೆಗೆದು ಹಿಂದಿನ ಹಾಳೆಗಳನ್ನು ತಿರುವಿದೆ. ಪ್ರತಿ ಅಮಾವಾಸ್ಯೆಯ ಸೊನ್ನೆಯಾದ ಮೇಲೆ ಗೆರೆ ಎಷ್ಟು ಇಳಿದಿದೆ ಎಂದು ಬೆರಳಿಟ್ಟು ನೋಡಿದೆ. ಒಮ್ಮೆ ಸ್ವಲ್ಪ, ಒಮ್ಮೆ ಜಾಸ್ತಿ. ಜಾಸ್ತಿ ಯಾವಾಗ? ನಾಗರ ಅಮಾವಾಸ್ಯೆ. ದೀಪಾವಳಿ ಅಮಾವಾಸ್ಯೆ. ದೊಡ್ಡ ಅಮಾವಾಸ್ಯೆಗೆ ಯಾಕೆ ಜಾಸ್ತಿ? ದೊಡ್ಡ ಅಮಾವಾಸ್ಯೆಗೆ ಘಟಕದ ಗಾಡಿಗಳ ಜೊತೆ ಎಲ್ಲರ ಮನೆಯ ಟ್ರ್ಯಾಕ್ಟರು, ಟಂಟಂ, ಅಳಿಯಂದಿರ ಕಾರು ಕೂಡ ಪೂಜೆಗೆ ಬಂದು ನಿಲ್ಲುತ್ತವೆ.

ಕ್ಯಾಂಟೀನಿನಲ್ಲಿ ನಾನು ಚಹಾ ಉಗುಳಿ ನಕ್ಕ ಮಾತು ಅಕ್ಷರ ಬಿಡದೆ ನಿಜವಾಗಿತ್ತು. ಎಂಟು ತಿಂಗಳು ನನ್ನ ಮೂಗಿನ ಕೆಳಗೆ ಇದ್ದ ಲೆಕ್ಕವನ್ನು ಕಾಕಾ ಬರೀ ಕಣ್ಣಿನಿಂದ ನೋಡಿ ಹೇಳಿದ್ದರು. ಮಾತಿನ ಜೊತೆ ಭಂಡಾರ ಇತ್ತು ಎಂಬ ಒಂದೇ ಕಾರಣಕ್ಕೆ ನಾನು ಕೇಳಿಸಿಕೊಂಡಿರಲಿಲ್ಲ.

ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತೆ. ನನ್ನ ಕೊಳವೆಯ ಬಾಯಿ ಸರಿಯಾಗಿ ಲಾರಿಯ ಸೈಲೆನ್ಸರಿನ ಎತ್ತರಕ್ಕಿತ್ತು. ಅದರ ಸುತ್ತ ಸುಣ್ಣದ ಗೋಡೆ ಕಪ್ಪಾಗಿತ್ತು. ನೆಲದ ಮೇಲೆ ಗಾಲಿಗೆ ಸಿಕ್ಕು ಚಪ್ಪಟೆಯಾಗಿ ಒಣಗಿದ ನಿಂಬೆಹಣ್ಣು. ಡೀಸೆಲ್ ಇಂಜಿನ್ನಿನ ಹೊಗೆಯಲ್ಲಿ ನಾಕ್ಸ್ ಇರುತ್ತದೆ ಎಂದು ಯಾರಾದರೂ ನನ್ನನ್ನು ಪರೀಕ್ಷೆಯಲ್ಲಿ ಕೇಳಿದ್ದರೆ ಎರಡು ಪುಟ ಉತ್ತರ ಬರೆಯುತ್ತಿದ್ದೆ. ಜಾಲರಿ ಧೂಳನ್ನು ಸೋಸುತ್ತದೆ, ನಾಕ್ಸನ್ನು ಸೋಸುವುದಿಲ್ಲ ಎಂದೂ ಬರೆಯುತ್ತಿದ್ದೆ.

ಇಷ್ಟು ತಿಳಿದ ಮೇಲೆ ನೇರ ಸಾಹೇಬರ ಕೋಣೆಗೆ ಹೋದೆ ಎಂದು ಬರೆಯಲು ಆಸೆ ಇದೆ. ಹೋಗಲಿಲ್ಲ. ಆ ತಿಂಗಳೇ ನನ್ನನ್ನು ಇಡೀ ವಿಭಾಗದ ಇನ್‌ಚಾರ್ಜ್ ಮಾಡುವ ಮಾತು ನಡೆದಿತ್ತು. ಮನೆಯಲ್ಲಿ ಅವ್ವ ಆಗಲೇ ನಾಲ್ಕು ಮನೆಗೆ ಹೇಳಿ ಬಂದಿದ್ದಳು. ನಾಲ್ಕು ದಿನ ಬಸ್ಸಿನಲ್ಲಿ ಹೋಗುತ್ತ ಬರುತ್ತ ಯೋಚಿಸಿದೆ: ಯಂತ್ರವೇ ಕೆಟ್ಟಿತ್ತು ಎಂದುಬಿಟ್ಟರೆ? ಯಾರ ತಪ್ಪೂ ಅಲ್ಲ, ಯಂತ್ರಕ್ಕೆ ಬಾಯಿಯಿಲ್ಲ. ಅದಕ್ಕೆ ಸಾಹೇಬರು ಒಪ್ಪುವುದಿಲ್ಲ ಎಂದೂ ಗೊತ್ತಿತ್ತು. ಪರೀಕ್ಷೆಯವರು, ಅಂಕಿ ತಾಳೆಯಾಗಲಿಲ್ಲ, ಆದರೆ ಯಂತ್ರದಲ್ಲಿ ಕೆಟ್ಟ ಭಾಗ ಯಾವುದೂ ಇಲ್ಲ ಎಂದೇ ಬರೆದಿದ್ದರು. ಪರೀಕ್ಷೆಯವರಿಗೆಂದು ತಂದ ಕರದಂಟು ಬ್ಯಾಗಿನಲ್ಲೇ ಇತ್ತು. ಆ ನಾಲ್ಕು ದಿನದಲ್ಲಿ ಇಡೀ ಡಬ್ಬಿಯನ್ನು ನಾನೊಬ್ಬಳೇ ತಿಂದು ಮುಗಿಸಿದೆ. ಹೆದರಿದಾಗ ನನಗೆ ಹಸಿವು ಜಾಸ್ತಿ.

ಐದನೆಯ ದಿನ ಕಂಟ್ರೋಲ್ ರೂಮಿಗೆ ಹೋದಾಗ ಕಾಕಾ ನೋಟಿಸಿಗೆ ಉತ್ತರ ಬರೆಯುತ್ತಿದ್ದರು. ಬಿಳಿ ಹಾಳೆ, ಮೇಲೆ ತಾರೀಖು, ಕೆಳಗೆ ಒಂದೇ ಸಾಲು: ನಾನು ಅಂಕಿ ತಿದ್ದಿಲ್ಲ. ಮುಂದೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ ಮಾಡುತ್ತಿದ್ದರು.

"ಅಕ್ಕೋರ, ಒಂದೀಟು ಚಂದಂಗಿ ಬರದು ಕೊಡ್ರಿ" ಎಂದರು. "ನಿಮ್ಮ ಕನ್ನಡ ಚಲೋ ಐತಿ."

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾಚಿಕೆಯಾಯಿತು, ನನ್ನ ಮೇಲೆ ನನಗೇ ಅಸಹ್ಯವಾಯಿತು. "ಬರೀತೇನ್ರಿ ಕಾಕಾ" ಎಂದು ಆ ಹಾಳೆ ಇಸಿದುಕೊಂಡು ನನ್ನ ಕೋಣೆಗೆ ಬಂದು ಬರೆದೆ. ಅವರ ಉತ್ತರವನ್ನಲ್ಲ, ನನ್ನದನ್ನು. ಕೊಳವೆಯ ಬಾಯಿ ಪಡುವಣ ಗೋಡೆಗೆ ಬದಲಾಯಿಸಿದವಳು ನಾನು, ಗಾಡಿಗಳು ಚಾಲೂ ಇರುವಾಗ ಸೊನ್ನೆ ಹಾಕಿದವಳು ನಾನು, ಈ ಬಗ್ಗೆ ಕಾಕಾ ಕೊಟ್ಟ ಸೂಚನೆಯನ್ನು ಕಡೆಗಣಿಸಿದವಳೂ ನಾನು. ಈ ಸಲ ಸಹಿಯ ಕೆಳಗೆ ಗೆರೆ ಎಳೆಯಲಿಲ್ಲ.

ಸಾಹೇಬರು ಎರಡು ಸಲ ಓದಿದರು. "ಇದನ್ನು ಸಾಬೀತು ಮಾಡ್ತೀರಾ, ದಯವಿಟ್ಟು?" ಎಂದರು.

"ಲಾರಿ ತರಸ್ರಿ" ಎಂದೆ.

ಲಾರಿ ಬಂದು ಗೋಡೆಗೆ ಬೆನ್ನು ಮಾಡಿ ನಿಂತಿತು. ಡ್ರೈವರಣ್ಣ ಪಾಪ, ಅಮಾವಾಸ್ಯೆ ಅಲ್ಲದ ದಿನ ಪೂಜೆ ಯಾಕೆ ಎಂದು ಕೇಳಿದ. ಮೊದಲು, ಪರೀಕ್ಷೆಯವರು ಇನ್ನೂ ಒಯ್ದಿರದ ಸಿಲಿಂಡರಿನ ನೈಟ್ರೋಜನ್ ಕೊಟ್ಟು ಸರಿಯಾದ ಸೊನ್ನೆ ಹಾಕಿದೆ. ಆಮೇಲೆ ಇಂಜಿನ್ ಚಾಲೂ ಮಾಡಿಸಿ, ಕೊಳವೆಯಿಂದ ಗಾಳಿ ಎಳೆದು ಮತ್ತೆ ಸೊನ್ನೆ ಹಾಕಿದೆ. ಮತ್ತೆ ನೈಟ್ರೋಜನ್ ಕೊಟ್ಟೆ. ಮೈನಸ್. ಸಾಹೇಬರು ನಂಬದೆ ತಾವೇ ಹೊರಗೆ ಹೋಗಿ ಕೊಳವೆಯ ಬಾಯಿಯ ಹತ್ತಿರ ಮೂಗಿಟ್ಟು, ಕೆಮ್ಮುತ್ತ ಒಳಗೆ ಬಂದರು. ಬಂದವರು ಕಣ್ಣೊರೆಸಿಕೊಂಡು ಕೂತರು. "ನೀರು ಕಡಿಮೆ ಮಾಡಿ ಅಂತ ನಾನೇ ಹೇಳಿದ್ದೆ ಅಲ್ವಾ?" ಎಂದರು. ಹೌದು ಎಂದೆ. ಆ ಒಂದು ಮಾತಿಗೆ ಇವತ್ತಿಗೂ ನನಗೆ ಅವರ ಮೇಲೆ ಗೌರವವಿದೆ.

ಕಾಕಾರ ನೋಟಿಸು ಆ ದಿನವೇ ವಾಪಸಾಯಿತು. ಎಂಟು ತಿಂಗಳ ಅಂಕಿ ತಪ್ಪು ಎಂದು ಸರಕಾರದ ಕಚೇರಿಗೆ ಬರೆದು ತಿಳಿಸಿದೆವು, ಅದರ ದಂಡನೆಯನ್ನು ಘಟಕ ಅನುಭವಿಸಿತು. ನನಗೆ ಒಂದು ಮೆಮೊ ಸಿಕ್ಕಿತು. ಇನ್‌ಚಾರ್ಜ್ ಆಗುವ ಮಾತು ಆ ವರ್ಷ ಯಾರೂ ಎತ್ತಲಿಲ್ಲ. ಅವ್ವ ಆ ನಾಲ್ಕು ಮನೆಗೆ ಮತ್ತೆ ಹೋಗಿ ಏನು ಹೇಳಿದಳೋ ನಾನು ಕೇಳಿಲ್ಲ.

ಮುಂದಿನ ಅಮಾವಾಸ್ಯೆಗೆ ಹುಬ್ಬಳ್ಳಿಯ ಸಿಲಿಂಡರ್ ಒಂದು ದಿನ ಮೊದಲೇ ಬಂದಿತ್ತು. ತರಲು ಸಾಹೇಬರು ಜೀಪು ಕಳಿಸಿದ್ದರು. ಗಾಡಿಗಳ ಪೂಜೆ ಗೇಟಿನ ಹತ್ತಿರ ಇಟ್ಟುಕೊಂಡರು, ನೆರಳಿಲ್ಲ ಎಂದು ಡ್ರೈವರುಗಳು ಗೊಣಗಿದರು. ಟರ್ಬೈನ್ ದನಿ ಇಳಿಸಿತು, ದೂರದಲ್ಲಿ ಗಂಟೆ ಕೇಳಿಸಿತು, ನಾನು ನೈಟ್ರೋಜನ್ ಕೊಟ್ಟು ಸೊನ್ನೆ ಹಾಕಿದೆ. ಸಂಜೆ ಕಾರ್ಖಾನೆಗಳು ಚಾಲೂ ಆಗಿ ಟರ್ಬೈನ್ ಮತ್ತೆ ಒದರತೊಡಗಿದಾಗ, ಹಸಿರು ಗೆರೆ ಕೆಂಪಿನ ಹತ್ತಿರಕ್ಕೆ ಏರಿತು. ಕಾಕಾ ನೀರು ಹೆಚ್ಚಿಸಿದರು. ಗೆರೆ ಮೆಲ್ಲಗೆ ಇಳಿದು, ಕೆಳಗೆ ನಿಂತಿತು. ಈ ಸಲ ನಿಜವಾಗಿ ಇಳಿದದ್ದು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನಗೆ ಅವರು ಕೊಬ್ಬರಿ ಸಕ್ಕರೆ ಕೊಟ್ಟರು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು, "ಕಾಕಾ, ನನ್ನಿಂದ ನಿಮಗ ನೋಟಿಸ್ ಬಂತು. ತಪ್ಪಾತ್ರಿ" ಎಂದೆ. ಇಷ್ಟು ದಿನ ಆ ಮಾತು ಬಾಯಿಗೆ ಬಂದಿರಲಿಲ್ಲ.

"ನೋಟಿಸ್ ಬಿಡ್ರಿ" ಎಂದರು ಕಾಕಾ, ಪರದೆಯ ಮೇಲಿನ ಕಣ್ಣು ತೆಗೆಯದೆ. "ನಾ ಮಾಡಿದ್ದಲ್ಲ ಅಂತ ನನಗ ಗೊತ್ತಿತ್ತು. ಅದಕ್ಕ ಅಷ್ಟು ಕೆಟ್ಟ ಅನಿಸಲಿಲ್ಲ. ಅವತ್ತ ಎಲ್ಲಾರ ಮುಂದ ನೀವು ನಕ್ರೆಲ್ಲ, ಅದು ಭಾಳ ಕೆಟ್ಟ ಅನಿಸಿತ್ರಿ. ನಾ ದೇವರ ಮಾತು ಹೇಳಾಕ ಬಂದಿದ್ದಿಲ್ಲ. ನೋಡಿದ್ದನ್ನ ಹೇಳಾಕ ಬಂದಿದ್ನಿ."

ಖಡಕ್ ಬಾಯಿಯವಳು ಆ ಬಾಯಿಗೆ ಕೊಬ್ಬರಿ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು, ಅವರು ನೋಡದ ಹಾಗೆ ಇದ್ದರು.

ಆಮೇಲೆ ಅವರೇ ತಲೆ ಓರೆ ಮಾಡಿ, ಕಿವಿಗೊಟ್ಟು, "ಇದರ ದನಿ ಇವತ್ತ ಯಾಕೋ ಒಂದೀಟು ಬ್ಯಾರೆ ಐತ್ರಿ" ಎಂದರು. ಪರದೆ ನೋಡಿದೆ. ಪರದೆಯಲ್ಲಿ ಎಲ್ಲ ಸರಿಯಾಗಿತ್ತು. ನನ್ನ ಕಿವಿಗಂತೂ ಅದೇ ಹಳೆಯ ಒದರಾಟ.

ರಿಜಿಸ್ಟರ್ ತೆಗೆದು, ತಾರೀಖು ಹಾಕಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಆಮೇಲೆ, "ಎಲ್ಲಿ ಕಾಕಾ, ನನಗೂ ಕೇಳಸ್ರಿ" ಎಂದು ಎದ್ದು ಅವರ ಹಿಂದೆ ಟರ್ಬೈನಿನ ಕಡೆ ನಡೆದೆ.